ಅಮರಾವತಿ ಖೋ ಕೊಟ್ಟ ವರ್ಷ

ಸುಣ್ಣದ ಪುಡಿಯ ವಾಸನೆ ಮೂಗಿಗೆ ಬಿದ್ದರೆ ಸಾಕು, ನನಗೆ ಈಗಲೂ ಕೂತಲ್ಲಿ ಕೂರಲು ಆಗುವುದಿಲ್ಲ. ಮೊನ್ನೆಯೂ ಹಾಗೇ ಆಯಿತು. ಸರ್ವಿಸ್ ರಿಜಿಸ್ಟರಿನಲ್ಲಿ ಒಂದು ಸಹಿ ಬಾಕಿ ಉಳಿದಿದೆ ಎಂದು ಕೆಜಿಎಫ್‌ನ ಆ ಹಳೆಯ ಶಾಲೆಗೆ ಹೋಗಿದ್ದೆ. ಗುಮಾಸ್ತರು "ಐದ್ ನಿಮಿಷ ಕೂತ್ಕೊಳ್ಳಿ ಮೇಡಂ" ಅಂದರು. ಸರ್ಕಾರಿ ಕಚೇರಿಯ ಐದು ನಿಮಿಷ ಎಷ್ಟು ಉದ್ದ ಎಂದು ಗೊತ್ತಿದ್ದರೂ ಬೆಂಚಿನ ಮೇಲೆ ಕೂತೆ. ಕಿಟಕಿಯಾಚೆ ಯಾರೋ ತೂತು ಹೊಡೆದ ಡಬ್ಬಿಯಿಂದ ಸುಣ್ಣ ಉದುರಿಸುತ್ತಾ ಮೈದಾನಕ್ಕೆ ಗೆರೆ ಎಳೆಯುತ್ತಿದ್ದರು. ಗಾಳಿ ಬೀಸಿತು, ವಾಸನೆ ಒಳಗೆ ಬಂತು, ನಾನು ಎದ್ದುಬಿಟ್ಟೆ. ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇದ್ದೆ. ಗುಮಾಸ್ತರು ಎರಡು ಸಲ ತಲೆಯೆತ್ತಿ ನೋಡಿದರು. ಸಹಿಗೆ ಅವಸರ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು.

ಆ ಶಾಲೆಯಲ್ಲಿ ನಾನು ದೈಹಿಕ ಶಿಕ್ಷಕಿಯಾಗಿದ್ದದ್ದು ಒಂದೇ ವರ್ಷ. ನಮ್ಮದು ಹಾವೇರಿ ಕಡೆ. ಗಂಡನಿಗೆ ಕೆಜಿಎಫ್‌ನ ಕಾರ್ಖಾನೆಗೆ ವರ್ಗವಾಯಿತು. ನಾನು ಅರ್ಜಿಯ ಮೇಲೆ ಅರ್ಜಿ ಬರೆದು, ಕಂಡಕಂಡ ಮೇಜಿನ ಮುಂದೆ ನಿಂತು, ಅಲ್ಲಿಗೇ ನಿಯೋಜನೆ ಮಾಡಿಸಿಕೊಂಡೆ. ನನ್ನ ಸ್ವಭಾವ ಮೊದಲೇ ಹೇಳಿಬಿಡುತ್ತೇನೆ. ತಾಳ್ಮೆ ಕಡಿಮೆ, ಗಂಟಲು ದೊಡ್ಡದು. ನಾನು ಅಡುಗೆಮನೆಯಲ್ಲಿ ನಿಂತು ಉಪ್ಪಿನ ಡಬ್ಬಿ ಎಲ್ಲಿ ಅಂತ ಕೇಳಿದರೆ ಕ್ವಾರ್ಟರ್ಸಿನ ಕೊನೆಯ ಮನೆಯವರು ಉಪ್ಪು ತಂದುಕೊಡುತ್ತಾರೆ ಎಂದು ನನ್ನ ಗಂಡ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದರು. ಹದಿನೈದು ವರ್ಷ ಮೈದಾನದಲ್ಲಿ ಕೂಗಿದ ಗಂಟಲು ಮನೆಗೆ ಬಂದ ಕೂಡಲೇ ಚಿಕ್ಕದಾಗುತ್ತದೆಯೇ?

ಶಾಲೆಯ ಹುಡುಗಿಯರಲ್ಲಿ ಅರ್ಧ ಜನ ನಂದಿದುರ್ಗ ಗಣಿಯ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಿಂದ ಬರುತ್ತಿದ್ದರು. ಅವರ ತಾತಂದಿರು ಗಣಿಗೆ ಇಳಿದವರು, ಮನೆಮಾತು ತಮಿಳು. ಉಳಿದರ್ಧ ಕ್ಯಾಸಂಬಳ್ಳಿ ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಬರುತ್ತಿದ್ದವರು, ಕನ್ನಡ ತೆಲುಗು ಎರಡನ್ನೂ ಒಂದೇ ಉಸಿರಿಗೆ ಆಡುವವರು. ಊಟದ ಹೊತ್ತಿಗೆ ಲೈನಿನವರು ಒಂದು ಕಡೆ, ಹಳ್ಳಿಯವರು ಇನ್ನೊಂದು ಕಡೆ. ಮೈದಾನದಲ್ಲಿ ಇಬ್ಬರೂ ಇಲ್ಲ, ಅಲ್ಲಿ ಇದ್ದದ್ದು ಹುಡುಗರ ಕ್ರಿಕೆಟ್. ಹುಡುಗಿಯರಿಗೆ ಆಟದ ಪೀರಿಯಡ್ ಎಂದರೆ ಮರದ ಕೆಳಗೆ ಕೂತು ಜಡೆ ಹೆಣೆಯುವ ಪೀರಿಯಡ್. ನಾನು ಮೂರು ದಿನ ನೋಡಿದೆ. ನಾಲ್ಕನೆಯ ದಿನ ಬೆಳಿಗ್ಗೆ ಹಾರೆ ತರಿಸಿ ಪಿಚ್ಚಿನ ನಟ್ಟನಡುವೆ ಖೋ ಖೋ ಕಂಬ ನೆಡಿಸಿದೆ. ಹುಡುಗರು ಹೆಡ್‌ಮಾಸ್ಟರಿಗೆ ದೂರು ಕೊಟ್ಟರು. ಹೆಡ್‌ಮಾಸ್ಟರು ಮೆತ್ತಗಿನ ಮನುಷ್ಯ, ಜಗಳ ಕಂಡರೆ ಆಗದು. ವಾರದಲ್ಲಿ ಮೂರು ದಿನ ಹುಡುಗಿಯರಿಗೆ, ಮೂರು ದಿನ ಹುಡುಗರಿಗೆ ಎಂದು ಪಂಚಾಯಿತಿ ಮಾಡಿ ಕೈತೊಳೆದುಕೊಂಡರು.

ಅದು ಆಷಾಢ. ಕೆಜಿಎಫ್‌ನಲ್ಲಿ ಆಷಾಢದ ಗಾಳಿ ಎಂದರೆ ಬರೀ ಗಾಳಿಯಲ್ಲ. ಚಿನ್ನ ತೆಗೆದ ಮೇಲೆ ಸುರಿದ ಮಣ್ಣಿನ ದಿಬ್ಬಗಳಿವೆಯಲ್ಲ, ಅವುಗಳ ಮೇಲಿನಿಂದ ಬೂದುಬಣ್ಣದ ಧೂಳು ಎದ್ದು ಊರಿನ ಮೇಲೆಲ್ಲ ಕೂರುತ್ತದೆ. ಒಣಹಾಕಿದ ಬಟ್ಟೆ, ಟಿಫನ್ ಡಬ್ಬಿ, ಕಣ್ಣ ರೆಪ್ಪೆ, ಯಾವುದನ್ನೂ ಬಿಡುವುದಿಲ್ಲ. ಆ ಗಾಳಿಗೆ ನನಗೆ ಸುಮ್ಮಸುಮ್ಮನೆ ಸಿಟ್ಟು ಬರುತ್ತಿತ್ತು. ತಂಡ ಕಟ್ಟಬೇಕು, ಪಂದ್ಯಗಳಿಗೆ ಆರು ವಾರ ಇದೆ, ಓಡುವವರು ಸಿಗುತ್ತಿಲ್ಲ. ಒಂದು ಸಂಜೆ ಗೇಟಿನ ಹತ್ತಿರ ನಿಂತು ಹಲ್ಲು ಕಡಿಯುತ್ತಿದ್ದೆ. ಬಸ್ಸು ಬಂತೆಂದು ನೂರಾರು ಮಕ್ಕಳು ಒಟ್ಟಿಗೆ ಗೇಟಿಗೆ ನುಗ್ಗಿದರು. ಆ ನೂಕುನುಗ್ಗಲಿನ ನಡುವೆ ಒಬ್ಬಳು ಸಣಕಲು ಹುಡುಗಿ ಯಾರ ಮೈಗೂ ತಾಗದೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗಿ, ಎಲ್ಲರಿಗಿಂತ ಮೊದಲು ಬಸ್ಸಿನ ಮೆಟ್ಟಿಲ ಮೇಲಿದ್ದಳು. "ಏ ಹುಡುಗಿ, ನಿಲ್ಲೇ!" ಎಂದು ಕೂಗಿದೆ. ಇಡೀ ಬಸ್ಸು ತಿರುಗಿ ನೋಡಿತು, ಅವಳು ಮಾತ್ರ ತಿರುಗಲಿಲ್ಲ.

"ಅವ್ಳಿಗೆ ಕೇಳಲ್ಲ ಮಿಸ್" ಎಂದಳು ಪಕ್ಕದಲ್ಲಿದ್ದ ಎಸ್ತರ್. ಎಸ್ತರ್ ನಂದಿದುರ್ಗದ ಹುಡುಗಿ, ಹತ್ತನೇ ಕ್ಲಾಸು, ನಾನು ಆಗಲೇ ಕ್ಯಾಪ್ಟನ್ ಮಾಡಿದ್ದೆ. "ಅಮರಾವತಿ ಅಂತ ಮಿಸ್, ಒಂಬತ್ತನೇ ಕ್ಲಾಸ್. ಹುಟ್ಟಿದಾಗ್ಲಿಂದ ಕಿವಿ ಇಲ್ಲ, ಬಾಯೂ ಇಲ್ಲ. ಆದ್ರೆ ಓಡಿದ್ರೆ ನಮ್ಮ ಲೈನ್ ಹುಡುಗ್ರೂ ಹಿಡಿಯೋಕಾಗಲ್ಲ."

ಮರುದಿನ ಹೆಡ್‌ಮಾಸ್ಟರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಪಾಪ, ಆ ಮಗೂನ ಯಾಕೆ ಸುಮ್ನೆ ಎಳೀತೀರಿ ಮೇಡಂ? ನಾಳೆ ಬಿದ್ದು ಗಿದ್ದು ಏನಾದ್ರೂ ಆದ್ರೆ? ನೀರಿನ ಬಾಟ್ಲು ನೋಡ್ಕೊಳ್ಳಲಿ ಬಿಡಿ. ಚಪ್ಪಾಳೆ ತಟ್ಟೋಕೂ ಜನ ಬೇಕಲ್ಲ." ಅವರ ದನಿಯಲ್ಲಿ ಕೆಟ್ಟತನ ಇರಲಿಲ್ಲ. ಕೆಟ್ಟತನ ಇದ್ದಿದ್ದರೆ ಜಗಳವಾಡಬಹುದಿತ್ತು. ಆ ಕರುಣೆಯನ್ನು ಏನು ಮಾಡಬೇಕೆಂದು ತಿಳಿಯದೆ ನಾನು ಬಾಗಿಲು ದಡಾರೆಂದು ಹಾಕಿಕೊಂಡು ಬಂದೆ.

ಅಮರಾವತಿಗೆ ಆಟ ಹೇಳಿಕೊಡಲು ಎರಡೇ ದಿನ ಹಿಡಿಯಿತು. ಕಲಿಸಿದೆವು ಅನ್ನುವುದಕ್ಕಿಂತ ಅವಳೇ ನೋಡಿ ಕಲಿತಳು. ಎಂಟು ಜನ ಚೌಕಗಳಲ್ಲಿ ಒಬ್ಬರು ಈ ಕಡೆಗೆ ಮುಖ, ಒಬ್ಬರು ಆ ಕಡೆಗೆ ಮುಖ ಮಾಡಿ ಕೂರುವುದು, ಒಬ್ಬಳು ಓಡಿ ಅಟ್ಟುವುದು, ಕೂತವಳ ಬೆನ್ನು ಮುಟ್ಟಿದರೆ ಅವಳು ಎದ್ದು ಓಡುವುದು, ಮುಟ್ಟಿದವಳು ಆ ಚೌಕದಲ್ಲಿ ಕೂರುವುದು. ಇದೆಲ್ಲ ಕಣ್ಣಿಗೆ ಕಾಣುವ ಸಂಗತಿ. ಕಾಣದ್ದು ಒಂದೇ. ಬೆನ್ನು ಮುಟ್ಟುವಾಗಲೇ "ಖೋ" ಎಂದು ಗಟ್ಟಿಯಾಗಿ ಹೇಳಬೇಕು, ಹೇಳದಿದ್ದರೆ ಫೌಲ್. ಅಮರಾವತಿ ಮೊದಲ ಸಲ ಎಸ್ತರಳ ಬೆನ್ನು ಮುಟ್ಟಿದಾಗ ಎಸ್ತರ್ ಏಳಲಿಲ್ಲ, ನನ್ನ ಮುಖ ನೋಡಿದಳು. ಎಲ್ಲರೂ ನನ್ನ ಮುಖ ನೋಡಿದರು. ಮಧ್ಯಾಹ್ನ ಮೂರೂವರೆ, ಕಣ್ಣಿಗೆ ಧೂಳು ಬೀಳುತ್ತಿದೆ, ನನಗೆ ಆಟ ನಿಂತದ್ದೇ ಒಂದು ಸಂಕಟ. "ಏ, ಮುಟ್ಟಿಸಿಕೊಂಡವಳೇ ಕೂಗಿ ಎದ್ದುಬಿಡ್ರೇ! ಯಾರಿಗೆ ಗೊತ್ತಾಗುತ್ತೆ?" ಎಂದೆ.

ಅಷ್ಟೇ. ಯೋಚನೆ ಮಾಡಿ ಹೇಳಿದ ಮಾತಲ್ಲ. ಆ ಹೊತ್ತಿಗೆ ಆಟ ಮುಂದೆ ಹೋದರೆ ಸಾಕಾಗಿತ್ತು. ಆದರೆ ಅದೇ ಪದ್ಧತಿಯಾಯಿತು. ಅಮರಾವತಿಯ ಕೈ ಬೆನ್ನಿಗೆ ಬಿದ್ದ ಕ್ಷಣ ಕೂತವಳು ತಾನೇ "ಖೋ" ಎಂದು ಕಿರುಚಿ ಚಂಗನೆ ಎದ್ದು ಓಡುವುದು. ವಾರದೊಳಗೆ ಅದು ಎಷ್ಟು ನಯವಾಯಿತೆಂದರೆ ಹತ್ತಿರ ನಿಂತ ನನಗೇ ಯಾರು ಕೂಗಿದರೆಂದು ತಿಳಿಯುತ್ತಿರಲಿಲ್ಲ. ಹುಡುಗಿಯರಿಗೆ ಇದೊಂದು ಗುಟ್ಟಿನ ಸಂಭ್ರಮ. ಅಮರಾವತಿಗೆ ಮಾತ್ರ ಯಾರೂ ಹೇಳಲಿಲ್ಲ. ಮೈದಾನದಲ್ಲಿ ಎಲ್ಲರ ಬಾಯಿಯೂ ಸದಾ ತೆರೆದೇ ಇರುತ್ತದೆ, ಅದರಲ್ಲಿ ಒಂದು ಮಾತು ಆಟದ ನಿಯಮ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಗುರುವಾರಕ್ಕೊಮ್ಮೆ ಕೈಭಾಷೆ ಬಲ್ಲ ಶಿಕ್ಷಕಿಯೊಬ್ಬರು ಬರುತ್ತಿದ್ದರು. ಅವರ ಮೂಲಕ ಹೇಳಿಸಬಹುದಿತ್ತು. ಪ್ರತಿ ಗುರುವಾರವೂ ನನಗೆ ಬೇರೆ ಏನೋ ಕೆಲಸ ಇರುತ್ತಿತ್ತು.

ಒಂದು ಮಾತು ಹೇಳಲೇಬೇಕು, ಅವಳು ಬಂದ ಮೇಲೆ ತಂಡದ ಆಟವೇ ಬದಲಾಯಿತು. ಬೆನ್ನಿನ ಬಲಗಡೆಗೆ ಅವಳು ಅಂಗೈ ಒತ್ತಿದರೆ ಓಡುವವಳು ಬಲಕ್ಕಿದ್ದಾಳೆ, ಎಡಕ್ಕೆ ಒತ್ತಿದರೆ ಎಡಕ್ಕೆ. ಕೂತವಳು ಕಣ್ಣು ಹಾಯಿಸುವ ಮೊದಲೇ ದಿಕ್ಕು ಗೊತ್ತಾಗುತ್ತಿತ್ತು. ಉಳಿದವರೂ ಹಾಗೇ ಒತ್ತಲು ಕಲಿತರು. ಊಟದ ಹೊತ್ತಿಗೆ ತಂಡದ ಹುಡುಗಿಯರು ಅವಳ ಸುತ್ತ ಕೂತು ಕೈಸನ್ನೆ ಮಾಡುತ್ತಾ ನಗುತ್ತಿದ್ದರು. ಲೈನಿನವರ ತಮಿಳು ಹಳ್ಳಿಯವರಿಗೆ ಅರ್ಧಂಬರ್ಧ, ಹಳ್ಳಿಯವರ ತೆಲುಗು ಲೈನಿನವರಿಗೆ ಅರ್ಧಂಬರ್ಧ. ಅಮರಾವತಿಯ ಕೈಸನ್ನೆ ಮಾತ್ರ ಎಲ್ಲರಿಗೂ ಸಮನಾಗಿ ಹೊಸದು. ಅದನ್ನು ನೋಡಿ ನನಗೆ ಹೆಮ್ಮೆಯಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ನಾನೇ ಏನೋ ದೊಡ್ಡ ಕೆಲಸ ಮಾಡಿದ್ದೇನೆ ಅನ್ನಿಸುತ್ತಿತ್ತು.

ಮೊದಲ ಸುತ್ತಿನ ಪಂದ್ಯ ಬಂಗಾರಪೇಟೆಯಲ್ಲಿ. ಕೆಜಿಎಫ್‌ನ ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾ ನಾನು ಪ್ಲಾಟ್‌ಫಾರ್ಮನ್ನು ಎಷ್ಟು ಸಲ ಅಳೆದೆನೋ. ಹುಡುಗಿಯರು ಆರಾಮಾಗಿ ಕಡಲೆಕಾಯಿ ತಿನ್ನುತ್ತಿದ್ದರು. ಅವತ್ತು ಅಂಪೈರ್ ಆಗಿದ್ದವರು ಬೂದಿಕೋಟೆಯ ವೆಂಕಟರಾಮಪ್ಪ ಮೇಷ್ಟ್ರು. ನಿವೃತ್ತಿಗೆ ಹತ್ತಿರವಾದ ದೈಹಿಕ ಶಿಕ್ಷಕರು, ಹೊಟ್ಟೆ ಸ್ವಲ್ಪ ಮುಂದೆ, ಆದರೆ ಕಣ್ಣು ಹದ್ದಿನದು. ನಾವು ಗೆದ್ದೆವು, ಸುಲಭವಾಗಿ ಗೆದ್ದೆವು. ಹುಡುಗಿಯರನ್ನು ಪಾನಿಪುರಿ ಗಾಡಿಯ ಮುಂದೆ ನಿಲ್ಲಿಸಿದೆ. ಬಂಗಾರಪೇಟೆಗೆ ಹೋಗಿ ಆ ನೀರುಬಣ್ಣದ ಖಾರದ ಪಾನಿ ಕುಡಿಯದೆ ಬಂದರೆ ಗೆದ್ದು ಏನು ಪ್ರಯೋಜನ? ಅಮರಾವತಿ ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತಾ ಇನ್ನೊಂದು ಪ್ಲೇಟಿಗೆ ಕೈ ಚಾಚಿದ್ದಳು. ಆಗ ವೆಂಕಟರಾಮಪ್ಪನವರು ನನ್ನ ಪಕ್ಕ ಬಂದು ನಿಂತರು.

"ಮೇಡಮ್ಮೋರೆ, ಬೇಜಾರು ಮಾಡ್ಕೋಬ್ಯಾಡಿ. ಆ ಮಗೀನ ಖೋ ಯಾರ ಬಾಯಿಂದ ಬತ್ತೈತೆ ಅಂತ ನಂಗೆ ಎರಡನೇ ಸುತ್ನಾಗೇ ಗೊತ್ತಾಯ್ತು. ಮೂವತ್ತು ವರ್ಷ ವಿಜಿಲ್ ಊದಿದೀನಿ, ನಿಂತೋರ ದನಿ ಯಾವ್ದು, ಕೂತೋರ ದನಿ ಯಾವ್ದು ತಿಳೀದಾ?"

ನಾನು ಗಾಡಿಯಿಂದ ಎರಡು ಹೆಜ್ಜೆ ಈಚೆ ಬಂದೆ. "ಮತ್ತೆ ಯಾಕೆ ಊದಲಿಲ್ಲ ಸರ್?"

"ಊದೋಕೆ ಮನಸ್ ಬರ್ಲಿಲ್ಲ. ನಂದೂ ತಪ್ಪೇ. ಮುಂದಿನ ಸುತ್ತು ಕೋಲಾರದಾಗೆ, ಅಲ್ಲಿ ಊದ್ತಾರೆ ನೋಡಿ. ಓಗೋಕ್ ಮುಂಚೆ ಒಂದ್ ಅರ್ಜಿ ಬರ್ದು ಕೊಡಿ. ಇಂಗಿಂಗೆ, ಈ ಮಗೂಗೆ ಮಾತು ಬರಲ್ಲ, ಮುಟ್ಟೋವಾಗ ಇನ್ನೊಂದ್ ಕೈ ಮೇಲೆತ್ತಿ ತೋರಿಸ್ತಾಳೆ, ಒಪ್ಕೊಳ್ಳಿ ಅಂತ. ಕೇಳಿದ್ರೆ ಒಪ್ಪಾರು."

"ಕೇಳಿದ್ರೆ ಆಗಲ್ಲ ಅಂತಾರೆ ಸರ್. ಕೇಳದೇ ಇದ್ರೆ ಯಾರೂ ಆಗಲ್ಲ ಅನ್ನಲ್ಲ."

ಅವರು ನನ್ನನ್ನು ಒಂದು ಗಳಿಗೆ ನೋಡಿ, "ನೀವು ಬಲೇ ಅವಸರದೋರು" ಅಂದು ನಕ್ಕು ಹೋದರು.

ಆ ರಾತ್ರಿಯ ಅಡುಗೆಗೂ ಮುಂಚೆ ಹಾಳೆ ತೆಗೆದು ಕೂತೆ. "ಮಾನ್ಯರೇ" ಎಂದು ಬರೆದೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ತಲೆಯಲ್ಲಿ ಲೆಕ್ಕ ಶುರುವಾಯಿತು. ಇಲ್ಲ ಅಂದುಬಿಟ್ಟರೆ? ಅವಳನ್ನು ತೆಗೆದರೆ ತಂಡದ ಅರ್ಧ ಬಲ ಹೋಯಿತು. ಎಸ್ತರಳಿಗೆ ಕಾಲೇಜಿನಲ್ಲಿ ಆಟದ ಕೋಟಾದ ಸೀಟು ಸಿಗಬೇಕು. ನನಗೂ ಬಂದ ಮೊದಲ ವರ್ಷವೇ ಹೆಸರು ಬೇಕು. ಅರ್ಜಿಯನ್ನು ಮಡಚಿ ಬ್ಯಾಗಿನ ಸೈಡಿಗೆ ತುರುಕಿದೆ. ನನ್ನ ವರ್ಗಾವಣೆಗೆ ಅಷ್ಟೊಂದು ಅರ್ಜಿ ಬರೆದವಳಿಗೆ ಆ ಹುಡುಗಿಗಾಗಿ ಒಂದು ಅರ್ಜಿ ಪೂರ್ತಿ ಮಾಡಲು ಆಗಲಿಲ್ಲ.

ಕೋಲಾರದಲ್ಲಿ ಊದಿದರು.

ಅಂಪೈರ್ ಎಳೆಯ ವಯಸ್ಸಿನವನು, ನಿಯಮದ ಪುಸ್ತಕ ಬಾಯಿಪಾಠ ಮಾಡಿಕೊಂಡು ಬಂದವನ ಹಾಗಿದ್ದ. ಚೌಕದ ಪಕ್ಕದಲ್ಲೇ ಓಡುತ್ತಿದ್ದ. ಅಮರಾವತಿ ಮೊದಲ ಸಲ ಎದ್ದು, ಅಟ್ಟಿ, ಎಸ್ತರಳ ಬೆನ್ನು ಮುಟ್ಟಿದಾಗಲೇ ಸೀಟಿ ಹೊಡೆದ. ಎರಡನೇ ಸಲವೂ ಹೊಡೆದ. ಎದುರು ತಂಡದ ಶಿಕ್ಷಕರು ಎದ್ದು ನಿಂತು, "ಕೂತಿರೋಳೇ ಕೂಗ್ತಾಳೆ ಸಾರ್, ನೋಡಿ, ಇದು ಕಳ್ಳಾಟ" ಎಂದರು. ಅಂಪೈರ್ ನನ್ನ ಹತ್ತಿರ ಬಂದ. ನಾನು ಅವಳಿಗೆ ಮಾತು ಬರುವುದಿಲ್ಲ ಎಂದೆ. ಅವನ ಮುಖ ಒಮ್ಮೆ ಮೆತ್ತಗಾಯಿತು. "ಮೊದಲೇ ಹೇಳಬೇಕಿತ್ತು ಮೇಡಂ. ಎರಡೂ ಕಡೆಯವರನ್ನ ಕೂರಿಸಿ ಏನಾದ್ರೂ ದಾರಿ ಮಾಡ್ತಿದ್ದೆ. ಈಗ ಮ್ಯಾಚಿನ ಮಧ್ಯೆ, ಅವರು ಕಳ್ಳಾಟ ಅಂತಿರೋವಾಗ ನಾನೇನು ಮಾಡ್ಲಿ?" ಅವನ ಮಾತಿನಲ್ಲಿ ತಪ್ಪಿರಲಿಲ್ಲ, ಅದಕ್ಕೇ ನನಗೆ ಮೈಯೆಲ್ಲ ಉರಿದುಹೋಯಿತು.

ಅಟ್ಟುವ ಸರದಿ ಇನ್ನೂ ನಾಲ್ಕು ನಿಮಿಷ ಇತ್ತು. ಆಗ ನಾನು ಗೆರೆಯ ಅಂಚಿಗೆ ಬಂದು, ಇದ್ದಬದ್ದ ಗಂಟಲೆಲ್ಲ ತೆಗೆದು ಕೂಗಿದೆ. "ಅಮರಾಗೆ ಕೊಡಬೇಡ್ರೇ! ಅವಳನ್ನ ಬಿಟ್ಟು ಆಡ್ರೇ!"

ಮೈದಾನಕ್ಕೆ ಮೈದಾನವೇ ಕೇಳಿಸಿಕೊಂಡಿತು, ಅವಳೊಬ್ಬಳನ್ನು ಬಿಟ್ಟು. ಅವಳು ಮೂರನೆಯ ಚೌಕದಲ್ಲಿ, ಬೆರಳ ತುದಿ ನೆಲಕ್ಕೂರಿ, ಬೆನ್ನು ನೇರ ಮಾಡಿ, ಈಗ ಬಿದ್ದೀತು ಆಗ ಬಿದ್ದೀತು ಎಂದು ಕೈಗೆ ಕಾಯುತ್ತಾ ಕೂತಿದ್ದಳು. ಹುಡುಗಿಯರು ಅವಳನ್ನು ದಾಟಿ ದಾಟಿ ಓಡಿದರು. ಒಂದು ನಿಮಿಷ, ಎರಡು ನಿಮಿಷ. ಅವಳು ಒಮ್ಮೆ ಹಿಂದೆ ತಿರುಗಿ ನೋಡಿದಳು. ಮತ್ತೆ ಬೆನ್ನು ನೇರ ಮಾಡಿದಳು. ಮೂರನೆಯ ಸಲ ತಿರುಗಿದಾಗ ಎಸ್ತರ್ ಅವಳ ಪಕ್ಕದಲ್ಲೇ ಓಡಿ ಹೋದಳು, ಕೈ ಅರ್ಧ ಎತ್ತಿದವಳು ನನ್ನನ್ನು ನೋಡಿ ಕೆಳಗಿಳಿಸಿದಳು. ಸರದಿ ಮುಗಿಯುವವರೆಗೂ ಆ ಬೆನ್ನನ್ನು ಯಾರೂ ಮುಟ್ಟಲಿಲ್ಲ. ನಾವು ಸೋತೆವು.

ಆಟ ಮುಗಿದ ಮೇಲೆ ಅಮರಾವತಿ ಎಸ್ತರಳ ತೋಳು ಹಿಡಿದು ನಿಲ್ಲಿಸಿ, ಎರಡೂ ಕೈ ಬಿಚ್ಚಿ ಕೇಳಿದಳು: ಯಾಕೆ? ಎಸ್ತರ್ ಒಳ್ಳೆಯ ಹುಡುಗಿ, ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ತನ್ನ ಬಾಯಿ ತೋರಿಸಿದಳು, ತುಟಿ ಗುಂಡಗೆ ಮಾಡಿ "ಖೋ" ಅಂದಳು, ಅಂಪೈರನ ಕಿವಿಯ ಕಡೆ ಬೆರಳು ಮಾಡಿದಳು, ಆಮೇಲೆ ಅಮರಾಳ ಎದೆ ಮುಟ್ಟಿ, ತನ್ನ ಬಾಯಿ ಮುಟ್ಟಿ ತೋರಿಸಿದಳು. ನಿನ್ನದನ್ನು ನಾವು ಹೇಳುತ್ತಿದ್ದೆವು ಎಂದು.

ಪಕ್ಕದ ಅಂಕಣದಲ್ಲಿ ಇನ್ನೊಂದು ಪಂದ್ಯ ಶುರುವಾಗಿತ್ತು. ಅಮರಾವತಿ ಹೋಗಿ ಅದರ ಗೆರೆಯ ಹತ್ತಿರ ನಿಂತಳು. ಒಂದು ಸರದಿ ಪೂರ್ತಿ ನೋಡಿದಳು. ಕಾಲುಗಳನ್ನಲ್ಲ, ಕೈಗಳನ್ನಲ್ಲ, ಬರೀ ಬಾಯಿಗಳನ್ನು. ಪ್ರತಿ ಸಲ ಕೈ ಬೆನ್ನಿಗೆ ಬಿದ್ದಾಗ ಒಂದು ಬಾಯಿ ಗುಂಡಗಾಗುತ್ತಿತ್ತು. ಅದನ್ನು ಅಷ್ಟೂ ನೋಡಿ ಮುಗಿಸಿ, ತಿರುಗಿ ನನ್ನ ಮುಖ ನೋಡಿದಳು. ಅವತ್ತು ನೆಲ ಬಾಯಿಬಿಟ್ಟಿದ್ದರೆ ನಾನು ಇಳಿದು ಹೋಗುತ್ತಿದ್ದೆ.

ಹತ್ತು ದಿನ ಅವಳು ಶಾಲೆಗೆ ಬರಲಿಲ್ಲ. ಆ ಹತ್ತು ದಿನ ನಾನು ಮನೆಯಲ್ಲೂ ನಿಲ್ಲಲಾರೆ, ಮೈದಾನದಲ್ಲೂ ನಿಲ್ಲಲಾರೆ. ಗಂಡ, "ಏನಾಗಿದೆ ನಿನಗೆ, ಇದ್ದ ಕಪಾಟೆಲ್ಲ ಎಷ್ಟು ಸಲ ಜೋಡಿಸ್ತೀ?" ಅಂದರು. ಮಳೆ ಶುರುವಾಗಿತ್ತು. ಧೂಳು ಕೂತಿತು, ನನ್ನ ತಳಮಳ ಕೂರಲಿಲ್ಲ. ಹನ್ನೊಂದನೆಯ ದಿನ ಕ್ಯಾಸಂಬಳ್ಳಿ ಬಸ್ಸು ಹತ್ತಿದೆ. ಅಲ್ಲಿಂದ ಎರಡು ಮೈಲಿ ನಡಿಗೆ.

ಅವಳ ತಾಯಿ ನಾಗಮ್ಮ ಯಾರದೋ ತೋಟದ ಬದುವಿನಲ್ಲಿ ಕೂತು ಕ್ರೇಟಿಗೆ ಟೊಮ್ಯಾಟೊ ಆರಿಸಿ ಹಾಕುತ್ತಿದ್ದಳು. ಕೂಲಿಯ ಕೆಲಸ, ಕೈ ನಿಲ್ಲಿಸುವಂತಿಲ್ಲ. ಕೈ ಆಡಿಸುತ್ತಲೇ ಮಾತಾಡಿದಳು.

"ಬನ್ನಿ ಮೇಡಮ್ಮೋರೆ. ಎರಡ್ ದಿನ ಅನ್ನ ಮುಟ್ಟಲಿಲ್ಲ ನಮ್ ಪಾಪ. ಕನ್ನಡಿ ಮುಂದೆ ನಿಂತ್ಕಂಡು ಬಾಯಿ ಇಂಗೆ ಗುಂಡ್ಗೆ ಮಾಡ್ಕಂಡು ನೋಡ್ಕಂತಾಳೆ. ಏನಮ್ಮಾ ಅಂದ್ರೆ ಅಳ್ತಾಳೆ. ಸೋತಿದ್ಕಲ್ಲ. ಆಟದಾಗೆ ಒಂದ್ ಮಾತೈತಂತಲ್ಲ, ಅದ್ನ ಅವ್ಳಿಗೆ ಯಾರೂ ಯೋಳ್ಲೇ ಇಲ್ವಂತೆ."

"ತಪ್ಪಾಯ್ತಮ್ಮ" ಎಂದೆ.

"ನಾನು ಓದ್ದೋಳಲ್ಲ, ನಿಮ್ಗೇನ್ ಯೋಳ್ಲಿ. ಅವ್ಳ ಬಾಯಾಗೆ ಒಂದ್ ದಿನ ಅಮ್ಮ ಅಂತ ಕೇಳ್ದೋಳಲ್ಲ ನಾನು. ಆದ್ರೂ ಒಂದೂ ಮುಚ್ಚಿಟ್ಟಿಲ್ಲ. ಅವ್ರಪ್ಪ ತೀರ್ಕಂಡಾಗ ಎಲ್ರೂ ಮಗೂಗೆ ಬ್ಯಾಡ ಅಂದ್ರು. ಮಣ್ಣು ಮಾಡೋ ತಾವ್ಕೆ ನಾನೇ ಕೈ ಇಡ್ಕಂಡ್ ಓಗಿ ತೋರ್ಸ್ದೆ. ಕೇಳ್ಸಲ್ಲ ಅಂತ ಯೋಳ್ದೇ ಇರೋಕಾಯ್ತದಾ ಮೇಡಮ್ಮೋರೆ?"

ಮಗಳು ಎಲ್ಲಿ ಎಂದು ಕೇಳಿ ಮನೆಯ ಕಡೆ ನಡೆದೆ.

ಅಮರಾವತಿ ಮನೆಯ ಹಿಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ನನ್ನನ್ನು ಕಂಡೂ ಕಾಣದ ಹಾಗೆ ಹುಲ್ಲು ಹಾಕುತ್ತಲೇ ಇದ್ದಳು. ತಪ್ಪಾಯಿತು ಎಂದು ಕೈಯಲ್ಲಿ ಹೇಗೆ ಹೇಳುವುದು? ಅಷ್ಟು ವಾರಗಳಲ್ಲಿ ನಾನು ಕಲಿತ ಸನ್ನೆಗಳೆಲ್ಲ ಓಡು, ಕೂರು, ಬೇಗ. ಕೊನೆಗೆ ದೇವರ ಮುಂದೆ ಮಾಡುವ ಹಾಗೆ ಎರಡೂ ಕೆನ್ನೆ ಬಡಿದುಕೊಂಡೆ. ಅವಳು ಹುಲ್ಲಿನ ಕಂತೆ ಕೆಳಗಿಟ್ಟಳು. ನಗಲಿಲ್ಲ. ಹತ್ತಿರ ಬಂದು, ಒದ್ದೆ ಅಂಗೈಯನ್ನು ನನ್ನ ಗಂಟಲ ಮೇಲಿಟ್ಟು, ನನ್ನ ತುಟಿಗಳನ್ನೇ ನೋಡುತ್ತಾ ನಿಂತಳು. ಹೇಳು, ಎಂದು.

"ಖೋ" ಎಂದೆ. ಇನ್ನೊಮ್ಮೆ ಎಂದು ಸನ್ನೆ ಮಾಡಿದಳು. "ಖೋ." ಇನ್ನೊಮ್ಮೆ. ಹತ್ತು ಸಲ, ಇಪ್ಪತ್ತು ಸಲ. ನನ್ನ ಗಂಟಲು ಅದುರುವುದನ್ನು ಅವಳ ಬೆರಳುಗಳು ಹುಡುಕುತ್ತಿದ್ದವು. ಆಮೇಲೆ ನನ್ನ ಕೈ ತೆಗೆದುಕೊಂಡು ತನ್ನ ಗಂಟಲ ಮೇಲಿಟ್ಟುಕೊಂಡಳು. ಮೊದಲು ಬರೀ ಗಾಳಿ ಬಂತು. ಆಮೇಲೆ ಕೆಮ್ಮು. ಆಮೇಲೆ ಎಲ್ಲೋ ಹೊಟ್ಟೆಯ ತಳದಿಂದ ಒಂದು ದನಿ ಎದ್ದು ಬಂತು. ಅದನ್ನು ಬರೆಯಲು ನನ್ನಲ್ಲಿ ಅಕ್ಷರ ಇಲ್ಲ. ಹಸು ಮೇಯುವುದು ನಿಲ್ಲಿಸಿ ತಲೆಯೆತ್ತಿ ನೋಡಿತು. ತೋಟದ ಕಡೆಯಿಂದ ನಾಗಮ್ಮ ಟೊಮ್ಯಾಟೊ ಬಿಟ್ಟು ಓಡಿ ಬಂದಳು.

ಸೋಮವಾರ ಅವಳು ಶಾಲೆಯಲ್ಲಿದ್ದಳು. ಈ ಸಲ ಮೊದಲ ಗುರುವಾರವೇ ಕೈಭಾಷೆಯ ಶಿಕ್ಷಕಿಯನ್ನು ಕೂರಿಸಿಕೊಂಡು ಆಟದ ನಿಯಮ ಅಷ್ಟೂ ಹೇಳಿಸಿದೆ, ಒಂದೂ ಬಿಡದೆ. ದೀಪಾವಳಿ ಕಳೆಯುವಷ್ಟರಲ್ಲಿ ಅವಳು ಕೈ ಮತ್ತು ದನಿ ಎರಡೂ ಒಂದೇ ಕ್ಷಣಕ್ಕೆ ಬರುವಂತೆ ಮಾಡಿಕೊಂಡಳು. ದನಿ ಮಾತ್ರ ಅದೇ ಒರಟು ದನಿ. ಕ್ರಿಕೆಟ್ ಹುಡುಗರು ಬೇಲಿಯ ಆಚೆ ನಿಂತು ಅಣಕಿಸುತ್ತಿದ್ದರು. ಎಸ್ತರ್ ಒಂದು ದಿನ ಬೇಲಿ ಹಾರಿ ಹೋಗಿ, "ಯಾರ್ ಡಾ ಅದು? ಇನ್ನೊಂದ್ ಸಲ ಅನ್ನು ನೋಡೋಣ, ನಿನ್ನ ಬ್ಯಾಟ್ ನಿನ್ನ ತಲೆ ಮೇಲೇ ಇರುತ್ತೆ" ಅಂದಳು. ಅಣಕ ನಿಲ್ಲಲಿಲ್ಲ, ಕಡಿಮೆಯಾಯಿತು. ಅಮರಾವತಿಗೆ ಅದು ಕೇಳುತ್ತಿರಲಿಲ್ಲ, ಆದರೆ ನಗುವ ಮುಖ ಯಾವುದು, ಅಣಕಿಸುವ ಮುಖ ಯಾವುದು ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಬೂದಿಕೋಟೆಯಲ್ಲಿ ವೆಂಕಟರಾಮಪ್ಪನವರು ನಿವೃತ್ತಿ ವರ್ಷದ ನೆನಪಿಗೆಂದು ಸುತ್ತಮುತ್ತಲ ನಾಲ್ಕು ಶಾಲೆಗಳ ಪಂದ್ಯ ಇಟ್ಟರು. ರಾಗಿ ಕೊಯ್ಲಾಗಿ ಮೈದಾನದ ಅಂಚಿನವರೆಗೂ ಮೆದೆ ಒಟ್ಟಿದ್ದರು. ಚಳಿಗೆ ಹುಡುಗಿಯರು ಅಂಗೈ ಉಜ್ಜಿಕೊಳ್ಳುತ್ತಿದ್ದರು. ಈ ಸಲ ಅರ್ಜಿಯನ್ನು ಪೂರ್ತಿ ಬರೆದು, ಸಹಿ ಹಾಕಿ, ಎರಡು ವಾರ ಮೊದಲೇ ಅವರ ಕೈಗೆ ಕೊಟ್ಟಿದ್ದೆ. ಅವರು ನಾಲ್ಕೂ ಶಾಲೆಯ ಶಿಕ್ಷಕರನ್ನು ನಿಲ್ಲಿಸಿ ಅದನ್ನು ಗಟ್ಟಿಯಾಗಿ ಓದಿದರು.

"ಇಂಗಾದ್ರೆ ನಾಳೆ ಎಲ್ರೂ ನಮ್ಗೂ ರಿಯಾಯ್ತಿ ಬೇಕು ಅಂತಾರಲ್ಲ ಸಾರ್" ಎಂದರು ಒಬ್ಬರು.

"ಕೇಳ್ಲಿ ಬಿಡಿ. ಕೇಳಿದ್ರೆ ಕೂತ್ಕಂಡು ಮಾತಾಡನ" ಎಂದು ವೆಂಕಟರಾಮಪ್ಪ ಅಮರಾವತಿಯ ಕಡೆ ತಿರುಗಿ, ಒಂದು ಕೈಯಿಂದ ಗಾಳಿಯಲ್ಲಿ ಬೆನ್ನು ಮುಟ್ಟುವಂತೆ ಮಾಡಿ, ಇನ್ನೊಂದು ಕೈ ಮೇಲೆತ್ತಿ ತೋರಿಸಿದರು. ಕೈ ಎತ್ತಿದರೆ ಸಾಕು ಎಂದು. ಅಮರಾವತಿ ತಲೆ ಅಲ್ಲಾಡಿಸಿದಳು. ತನ್ನ ಗಂಟಲು ಮುಟ್ಟಿಕೊಂಡಳು.

"ಅದೂ ಆಯ್ತು. ಅವ್ಳ ದನಿ ಎಂಗಿದ್ರೂ ಅದು ಖೋನೇ. ಎಲ್ರೂ ಕೇಳಿಸ್ಕಂಡ್ರಾ?" ಎಂದರು ಮೇಷ್ಟ್ರು.

ನಮ್ಮ ಅಟ್ಟುವ ಸರದಿ ಬಂದಾಗ ನಾನು ಗೆರೆಯ ಪಕ್ಕ ನಿಲ್ಲಲಾರದೆ ಮೆದೆಯ ಹತ್ತಿರ ಹೋಗಿ ಬಂದು, ಹೋಗಿ ಬಂದು ಮಾಡುತ್ತಿದ್ದೆ. ಎಸ್ತರಳ ಕೈ ಅಮರಾಳ ಬೆನ್ನಿಗೆ ಬಿತ್ತು. ಅವಳು ಎದ್ದಳು, ಓಡಿದಳು, ಓಡುವವಳು ಕಂಬ ಸುತ್ತಿ ತಪ್ಪಿಸಿಕೊಂಡಳು. ಅಮರಾವತಿ ಬಾಗಿ ಮುಂದಿನವಳ ಬೆನ್ನು ಮುಟ್ಟಿದಳು, ಅದೇ ಗಳಿಗೆಗೆ ಆ ದನಿ ಎದ್ದಿತು. ಮೈದಾನ ಗಪ್ಪಾಯಿತು. ಎಲ್ಲೋ ಒಬ್ಬರು ಕಿಸಕ್ಕೆಂದರು. ವೆಂಕಟರಾಮಪ್ಪನವರ ಸೀಟಿ ಬಾಯಲ್ಲೇ ಇತ್ತು. ನಾನು ಅವರ ಕೆನ್ನೆಯನ್ನೇ ನೋಡುತ್ತಿದ್ದೆ, ಉಬ್ಬಿದರೆ ಮುಗಿಯಿತು. ಕೆನ್ನೆ ಉಬ್ಬಲಿಲ್ಲ. ಆಟ ಮುಂದಕ್ಕೆ ಹೋಯಿತು. ಆ ಸರದಿಯಲ್ಲಿ ಅವಳು ಹನ್ನೆರಡೋ ಹದಿಮೂರೋ ಸಲ ಖೋ ಕೊಟ್ಟಳು. ಐದಾರು ಸಲ ಆದಮೇಲೆ ಯಾರೂ ತಿರುಗಿ ನೋಡಲಿಲ್ಲ. ಅದೂ ಉಳಿದವರ ಕೂಗಿನೊಳಗೆ ಒಂದು ಕೂಗಾಯಿತು.

ಆ ಪಂದ್ಯ ನಾವು ಗೆದ್ದೆವು. ಏಪ್ರಿಲ್‌ನಲ್ಲಿ ಗಂಡನಿಗೆ ಮತ್ತೆ ವರ್ಗವಾಗಿ ಕೆಜಿಎಫ್ ಬಿಟ್ಟೆವು. ಮೊನ್ನೆ ಗುಮಾಸ್ತರನ್ನು ಅಮರಾವತಿ ಈಗ ಎಲ್ಲಿದ್ದಾಳೆ ಎಂದು ಕೇಳಿದೆ, ಅವರಿಗೆ ಗೊತ್ತಿರಲಿಲ್ಲ. ಕ್ಯಾಸಂಬಳ್ಳಿಗೆ ಬಸ್ಸು ಇತ್ತು, ನಾನು ಹತ್ತಲಿಲ್ಲ. ಹೋದರೆ ಅವಳು ನನ್ನನ್ನು ಹೇಗೆ ನೋಡುತ್ತಾಳೋ ಎಂಬ ಅಳುಕು ಇನ್ನೂ ಹೋಗಿಲ್ಲ. ಅದಕ್ಕೆ ಕಾರಣ ಬೂದಿಕೋಟೆಯಲ್ಲಿ ಪಂದ್ಯ ಮುಗಿದ ಮೇಲೆ ಆದದ್ದು.

ಹುಡುಗಿಯರೆಲ್ಲ ಕುಣಿಯುತ್ತಿದ್ದರು. ಅಮರಾವತಿ ಅವರನ್ನು ಬಿಟ್ಟು ನೇರ ನನ್ನ ಹತ್ತಿರ ಬಂದಳು. ಮೈಯೆಲ್ಲ ಮಣ್ಣು, ಉಸಿರು ಇನ್ನೂ ಏರಿಳಿಯುತ್ತಿತ್ತು. ತನ್ನ ಗಂಟಲು ಮುಟ್ಟಿದಳು. ಆಮೇಲೆ ದೂರದಲ್ಲಿದ್ದ ಎಸ್ತರಳ ಕಡೆ ಬೆರಳು ಮಾಡಿದಳು. ಹುಬ್ಬು ಮೇಲೆತ್ತಿದಳು. ಮೇಷ್ಟ್ರು ಒಪ್ಪಿದ್ದು ಯಾರ ದನಿಯನ್ನು? ನನ್ನದನ್ನೋ, ಮೊದಲಿನ ಹಾಗೆ ನನ್ನ ಬದಲು ಕೂಗಿದ ಅವರದನ್ನೋ, ಎಂದು ಕೇಳುತ್ತಿದ್ದಳು.

ನಾನು ಅವಳ ಗಂಟಲಿನ ಕಡೆ ಬೆರಳು ಮಾಡಿದೆ. ನಿನ್ನದೇ, ನಿನ್ನದೇ ಎಂದು ಎರಡು ಸಲ ಮಾಡಿದೆ.

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ದಾಟಿಕೊಂಡು, ಅಂಕಪಟ್ಟಿಗೆ ಸಹಿ ಹಾಕುತ್ತಾ ಕೂತಿದ್ದ ವೆಂಕಟರಾಮಪ್ಪನವರ ಮುಂದೆ ಹೋಗಿ ನಿಂತಳು. ಅದೇ ಪ್ರಶ್ನೆಯನ್ನು ಮೊದಲಿನಿಂದ ಕೇಳಿದಳು. ಗಂಟಲು, ಎಸ್ತರ್, ಹುಬ್ಬು. ಮೇಷ್ಟ್ರು ಪೆನ್ನು ಕೆಳಗಿಟ್ಟರು. ಎಸ್ತರಳ ಕಡೆ ನೋಡಿ ಇಲ್ಲವೆಂದು ತಲೆಯಾಡಿಸಿದರು. ನಿಧಾನಕ್ಕೆ ಅವಳ ಗಂಟಲನ್ನು ತೋರಿಸಿ, ತಮ್ಮ ಕಿವಿ ಮುಟ್ಟಿಕೊಂಡರು.

ಆಗ ಅವಳು ನಕ್ಕಳು. ನನಗೆ ಬೆನ್ನು ಮಾಡಿ ನಿಂತಿದ್ದಳು, ಆ ನಗುವನ್ನು ನಾನು ನೋಡಿದ್ದು ಮೇಷ್ಟ್ರ ಮುಖದಲ್ಲಿ.